ಒಂದೇ ಲೇಬಲ್ಲು, ಎರಡು ಬಾಟಲಿ

ಶಾರ್ತ್ರೂಜ್ ಅನ್ನೋ ಹಸಿರು ಲಿಕ್ಯೂರ್ ಬಗ್ಗೆ ಯಾರೇ ಬಾಯಿ ತೆಗೆಯಲಿ, ಮೊದಲ ಎರಡು ನಿಮಿಷದಲ್ಲಿ ಮೂರು ಮಾತು ಬಂದೇ ಬರುತ್ತವೆ. ಒಂದು, ಇದರಲ್ಲಿ 130 ಗಿಡಮೂಲಿಕೆಗಳಿವೆ. ಎರಡು, ಇದನ್ನು ಮಾಡುವವರು ಮಾತೇ ಆಡದ ಸನ್ಯಾಸಿಗಳು. ಮೂರು, ಇದರ ರೆಸಿಪಿ ಗೊತ್ತಿರುವುದು ಇಡೀ ಜಗತ್ತಿನಲ್ಲಿ ಇಬ್ಬರಿಗೋ ಮೂವರಿಗೋ ಅಷ್ಟೇ. ಇಂದಿರಾನಗರದ ಬಾರೊಂದರಲ್ಲಿ ಈ ಮೂರನ್ನೂ ಒಂದೇ ಉಸಿರಲ್ಲಿ ಹೇಳಿದ ಹುಡುಗ ಬಾಟಲಿಯನ್ನು ತೀರ್ಥದ ಗಿಂಡಿಯ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ. ನಮ್ಮ ಟೇಬಲ್ಲಿನವರೆಲ್ಲ ಕುಡಿಯುವ ಮೊದಲೇ "ವಾವ್" ಅಂದರು. ಕುಡಿದ ಮೇಲೆ ಯಾರೂ ಏನೂ ಹೇಳಲಿಲ್ಲ. ಹೇಳುವುದೆಲ್ಲ ಆಗಲೇ ಮುಗಿದಿತ್ತಲ್ಲ.

ನನ್ನ ತಕರಾರು ಇಲ್ಲಿಂದಲೇ ಶುರು. ಆ ಕತೆ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಬಹುಪಾಲು ನಿಜವೇ. ಆದರೆ ನಾಲಿಗೆಗಿಂತ ಮೊದಲು ಕಿವಿ ಕುಡಿದುಬಿಟ್ಟರೆ, ಲೋಟದಲ್ಲಿ ಇರುವುದರ ಬಗ್ಗೆ ನಾವು ಏನು ತಾನೇ ಹೇಳೋಕಾಗತ್ತೆ? ಶಾರ್ತ್ರೂಜ್ ಬಗ್ಗೆ ಬರೆಯುವವರಲ್ಲಿ ನೂರಕ್ಕೆ ತೊಂಬತ್ತು ಜನ ಬಾಟಲಿ ಮೇಲಿನ ಕತೆಯನ್ನೇ ವಿಮರ್ಶೆ ಅಂತ ಬರೆದುಕೊಟ್ಟು ಮನೆಗೆ ಹೋಗಿದ್ದಾರೆ. ತಮಾಷೆ ಏನಂದರೆ, ಅದೇ ಕತೆಯ ಒಳಗೆ ಯಾರೂ ಹೆಚ್ಚು ಹೇಳದ ಒಂದು ಅಧ್ಯಾಯ ಇದೆ. ಕತೆಯಿಂದ ರುಚಿ ಬರುತ್ತೋ, ಹೆಸರಿನಿಂದ ರುಚಿ ಬರುತ್ತೋ, ಇಲ್ಲ ಬೇರೆ ಏನಾದರೂ ಬೇಕೋ ಅನ್ನುವುದಕ್ಕೆ ಇಪ್ಪತ್ತಾರು ವರ್ಷ ನಡೆದ ಪ್ರಯೋಗ ಅದು. ಯಾರೂ ಪ್ರಯೋಗ ಅಂದುಕೊಂಡು ಮಾಡಿದ್ದಲ್ಲ.

ಕೆಲಸದ ಮೇಲೆ ನಾನು ಮೂರು ತಿಂಗಳು ಗ್ರೆನೋಬಲ್‌ನಲ್ಲಿದ್ದೆ. ಫ್ರಾನ್ಸಿನ ಆಗ್ನೇಯಕ್ಕೆ, ಆಲ್ಪ್ಸ್ ಬೆಟ್ಟಗಳ ಮಧ್ಯೆ ಬಟ್ಟಲಿನ ತಳದ ಹಾಗಿರುವ ಊರು. ಚಿಪ್ ಕಂಪನಿಗಳು, ಲ್ಯಾಬುಗಳು ಜಾಸ್ತಿ, ಆದ್ದರಿಂದ ನಮ್ಮ ಬೆಂಗಳೂರಿನ ಜನಕ್ಕೆ ತೀರಾ ಅಪರಿಚಿತ ಜಾಗವೇನಲ್ಲ. ಊರಿನ ಉತ್ತರಕ್ಕೆ ಗೋಡೆ ಕಟ್ಟಿದ ಹಾಗೆ ನಿಂತಿರುವ ಬೆಟ್ಟಸಾಲಿನ ಹೆಸರೇ ಶಾರ್ತ್ರೂಜ್. 1084ರಲ್ಲಿ ಬ್ರೂನೋ ಎಂಬ ಸಂತ ಆರು ಜನರನ್ನು ಜೊತೆಗೆ ಕರೆದುಕೊಂಡು ಆ ಕಾಡಿಗೆ ಹೋಗಿ ನೆಲೆನಿಂತ. ಅಲ್ಲಿಂದ ಬೆಳೆದದ್ದೇ ಕಾರ್ತೂಸಿಯನ್ ಪಂಥ. ಅವರ ಮೂಲ ಮಠ ಗ್ರಾಂದ್ ಶಾರ್ತ್ರೂಜ್ ಇವತ್ತಿಗೂ ಅಲ್ಲೇ ಇದೆ, ಹೊರಗಿನವರಿಗೆ ಒಳಗೆ ಪ್ರವೇಶ ಇಲ್ಲ. ಬೇಕಾದವರು ವ್ವಾರೋಂ ಅನ್ನುವ ಪಕ್ಕದ ಊರಿಗೆ ಹೋಗಿ ನೆಲಮಾಳಿಗೆ ನೋಡಿಕೊಂಡು, ಕೊನೆಯಲ್ಲಿ ಸಣ್ಣ ಗ್ಲಾಸಿನಲ್ಲಿ ರುಚಿ ನೋಡಿ ಬರಬಹುದು. ಒಂದು ಶನಿವಾರ ಮಳೆ ಬರುತ್ತಿತ್ತು, ಮಾಡಲು ಬೇರೆ ಕೆಲಸ ಇರಲಿಲ್ಲ, ರೈಲು ಹತ್ತಿ ಹೋದೆ.

ಹಳೆಯ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1605ರಲ್ಲಿ ದೆಸ್ಟ್ರೆ ಎಂಬ ಸೇನಾಧಿಕಾರಿ ಪ್ಯಾರಿಸ್ಸಿನ ಕಾರ್ತೂಸಿಯನ್ ಮಠಕ್ಕೆ ಒಂದು ಹಸ್ತಪ್ರತಿ ಕೊಟ್ಟ. ದೀರ್ಘಾಯುಷ್ಯದ ಔಷಧಿ ಮಾಡುವ ವಿಧಾನ ಅದು. ನೂರು ವರ್ಷದ ಮೇಲಾದರೂ ಅದನ್ನು ಪೂರ್ತಿ ಬಿಡಿಸಿ ಮಾಡಿದವರಿಲ್ಲ. 18ನೇ ಶತಮಾನದಲ್ಲಿ ಬೆಟ್ಟದ ಮೂಲ ಮಠದ ಔಷಧಶಾಲೆಯಲ್ಲಿ ಕೊನೆಗೂ ಅದು ಕೈಗೂಡಿತು. ಆಗ ಅದು ಮದ್ದು. ಮಠದ ಒಬ್ಬ ಸಹೋದರ ಹೇಸರಗತ್ತೆ ಮೇಲೆ ಹೇರಿಕೊಂಡು ಗ್ರೆನೋಬಲ್ ಸಂತೆಗೆ ಒಯ್ದು ಮಾರುತ್ತಿದ್ದ. ಈಗಲೂ ಅದು ಸಿಗುತ್ತದೆ, ಸಣ್ಣ ಮರದ ಡಬ್ಬಿಯೊಳಗೆ, 69 ಪರ್ಸೆಂಟ್ ಆಲ್ಕೋಹಾಲ್. ಸಕ್ಕರೆ ಅಚ್ಚಿನ ಮೇಲೆ ನಾಲ್ಕು ಹನಿ ಬಿಟ್ಟುಕೊಂಡು ತಿನ್ನುವುದು ರೂಢಿ. ಕುಡಿಯುವಂಥ ಹಸಿರು ಲಿಕ್ಯೂರ್ ಬಂದದ್ದು ಅದರಿಂದ, ಇನ್ನೂ ಮೃದುವಾದ ಹಳದಿ ಬಂದದ್ದು 1840ರ ಸುಮಾರಿಗೆ.

ನಡುವೆ ಫ್ರೆಂಚ್ ಕ್ರಾಂತಿ ಬಂತು, ಸನ್ಯಾಸಿಗಳು ಚದುರಿಹೋದರು, ಹಸ್ತಪ್ರತಿ ಕೈಯಿಂದ ಕೈಗೆ ಹೋಗಿ ಗ್ರೆನೋಬಲ್ಲಿನ ಲಿಯೋತಾರ್ ಎಂಬ ಔಷಧಿ ವ್ಯಾಪಾರಿಯ ಹತ್ತಿರ ಸೇರಿತು. 1810ರಲ್ಲಿ ನೆಪೋಲಿಯನ್ ಸರ್ಕಾರ ಒಂದು ಆಜ್ಞೆ ಹೊರಡಿಸಿತು: ಗುಟ್ಟಿನ ಔಷಧಿಗಳ ವಿಧಾನಗಳನ್ನೆಲ್ಲ ಗೃಹಮಂತ್ರಿಗಳ ಕಚೇರಿಗೆ ಕಳಿಸಬೇಕು. ಲಿಯೋತಾರ್ ಶಿಸ್ತಾಗಿ ಕಳಿಸಿದ. ಕಚೇರಿಯವರು ನೋಡಿ, ತಿರಸ್ಕರಿಸಲಾಗಿದೆ ಎಂದು ಬರೆದು ವಾಪಸ್ ಕಳಿಸಿದರು! ಇವತ್ತು ಜಗತ್ತೇ ಇಣುಕಿ ನೋಡಲು ಹಾತೊರೆಯುವ ಕಾಗದ ಒಂದು ಸರ್ಕಾರಿ ಮೇಜಿನ ಮೇಲೆ ಬಿದ್ದಿತ್ತು, ಗುಮಾಸ್ತನಿಗೆ ಬೇಡವಾಯಿತು. ಪುಲ್ ರಿಕ್ವೆಸ್ಟ್ ರಿಜೆಕ್ಟ್ ಆದವರೆಲ್ಲ ಇದನ್ನು ನೆನೆದು ಸಮಾಧಾನ ಮಾಡಿಕೊಳ್ಳಬಹುದು. ಲಿಯೋತಾರ್ ಸತ್ತ ಮೇಲೆ ಅವನ ವಾರಸುದಾರರು ಅದನ್ನು ಮಠಕ್ಕೆ ಹಿಂದಿರುಗಿಸಿದರು.

ನಾನು ಹೇಳಬೇಕೆಂದಿರುವ ಅಧ್ಯಾಯ ಇದಾದ ಮೇಲಿನದು. 20ನೇ ಶತಮಾನದ ಶುರುವಿನಲ್ಲಿ ಫ್ರೆಂಚ್ ಸರ್ಕಾರಕ್ಕೂ ಚರ್ಚಿಗೂ ಭಾರಿ ಜಗಳ. 1903ರ ಏಪ್ರಿಲ್‌ನಲ್ಲಿ ಸೈನಿಕರು ಬಂದು ಸನ್ಯಾಸಿಗಳನ್ನು ಮಠದಿಂದ ಹೊರಹಾಕಿದರು. ಬಟ್ಟಿ ಇಳಿಸುವ ಕಾರ್ಖಾನೆ, ಯಂತ್ರಗಳು, ಮುಖ್ಯವಾಗಿ ಶಾರ್ತ್ರೂಜ್ ಎಂಬ ಟ್ರೇಡ್‌ಮಾರ್ಕ್, ಎಲ್ಲವೂ ಸರ್ಕಾರದ ವಶವಾಯಿತು. ಸರ್ಕಾರ ಅದನ್ನು ಖಾಸಗಿ ವ್ಯಾಪಾರಿಗಳಿಗೆ ದಾಟಿಸಿತು. ಸನ್ಯಾಸಿಗಳು ರೆಸಿಪಿಯನ್ನು ಮಾತ್ರ ತೆಗೆದುಕೊಂಡು ಹೋಗಿ ಸ್ಪೇನಿನ ತರ್ರಗೋನಾದಲ್ಲಿ ಹೊಸ ಬಟ್ಟಿ ಹಾಕಿದರು.

ಈಗ ನೋಡಿ. ಫ್ರಾನ್ಸಿನ ಕಂಪನಿಯ ಹತ್ತಿರ ಹೆಸರಿದೆ, ಲೇಬಲ್ ಇದೆ, ಅದೇ ಬೆಟ್ಟ, ಅದೇ ನೀರು, ಅದೇ ಕಟ್ಟಡ ಇದೆ. ಸೋರ್ಸ್ ಕೋಡ್ ಇಲ್ಲ. ತರ್ರಗೋನಾದಲ್ಲಿರುವವರ ಹತ್ತಿರ ಸೋರ್ಸ್ ಕೋಡ್ ಇದೆ, ಫ್ರಾನ್ಸಿನಲ್ಲಿ ಆ ಹೆಸರು ಹಾಕಿಕೊಳ್ಳುವ ಹಕ್ಕಿಲ್ಲ. ಬೆಟ್ಟ ಇಲ್ಲ, ಮಠ ಇಲ್ಲ, ಸಮುದ್ರದ ಪಕ್ಕದ ಬಿಸಿಲೂರು. ಹೊರದೇಶಗಳಲ್ಲಿ ಹೆಸರು ಯಾರದು ಅಂತ ಕೋರ್ಟಿನಲ್ಲಿ ಕೇಸಾಯಿತು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1910ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು 1911ರಲ್ಲಿ, ಎರಡೂ ಕಡೆ ಗೆದ್ದವರು ಸನ್ಯಾಸಿಗಳು. ಫ್ರಾನ್ಸಿನ ಕಾನೂನು ಫ್ರಾನ್ಸಿನೊಳಗಿನ ಆಸ್ತಿಯನ್ನು ಕಿತ್ತುಕೊಳ್ಳಬಹುದು, ನಮ್ಮ ದೇಶದಲ್ಲಿ ಇವರು ಸಂಪಾದಿಸಿದ ಹೆಸರನ್ನಲ್ಲ ಅನ್ನುವುದು ತೀರ್ಪಿನ ಸಾರ. ಫ್ರಾನ್ಸಿನ ಒಳಗೆ ಮಾತ್ರ ಕಂಪನಿಯ ಬಾಟಲಿಯೇ ಶಾರ್ತ್ರೂಜ್. ಕುಡಿಯುವವರು ಅದನ್ನು ಮುಟ್ಟದೆ, ಸ್ಪೇನಿನಿಂದ ಬರುವ ಬಾಟಲಿಯನ್ನು "ತರ್ರಗೋನ್" ಅಂತ ಬೇರೆ ಹೆಸರಿಟ್ಟು ಕೇಳಿ ಕೊಂಡರು. ಕಂಪನಿ 1929ರ ಹೊತ್ತಿಗೆ ದಿವಾಳಿ. ಕಾಗದದ ಬೆಲೆಗೆ ಇಳಿದ ಅದರ ಷೇರುಗಳನ್ನು ವ್ವಾರೋಂನ ಕೆಲವು ವ್ಯಾಪಾರಿಗಳು ಕೊಂಡು ಸನ್ಯಾಸಿಗಳಿಗೆ ಉಡುಗೊರೆಯಾಗಿ ಕೊಟ್ಟರು. ಹೆಸರು ಮನೆಗೆ ಬಂತು.

ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು, ರೆಸಿಪಿ ಗೆದ್ದಿತು, ಬ್ರ್ಯಾಂಡ್ ಸೋತಿತು ಅಂತ. ಇಂಜಿನಿಯರುಗಳಿಗೆ ಇಷ್ಟವಾಗುವ ತೀರ್ಮಾನ. ಮಾರ್ಕೆಟಿಂಗಿನವರ ಮುಂದೆ ಹೇಳಿಕೊಂಡು ತಿರುಗಬಹುದು. ಆದರೆ ಸ್ವಲ್ಪ ಯೋಚಿಸಿದರೆ ಇದು ಅಷ್ಟು ಸರಳ ಇಲ್ಲ. ಜನ ಕಂಪನಿಯ ಬಾಟಲಿ ಬಿಟ್ಟದ್ದು ರುಚಿ ಕೆಟ್ಟದ್ದಕ್ಕೋ, ಸನ್ಯಾಸಿಗಳಿಗೆ ಅನ್ಯಾಯ ಆಯಿತೆಂಬ ಸಿಟ್ಟಿಗೋ? ಎರಡೂ ಇದ್ದಿರಬೇಕು. ಅಂದರೆ ಕತೆಯೂ ಲೋಟದೊಳಗೆ ಇತ್ತು. ತರ್ರಗೋನಾ ಕಾಲದ ಹಳೆಯ ಬಾಟಲಿಗಳು ಇವತ್ತು ಹರಾಜಿನಲ್ಲಿ ಕೈಗೆಟುಕದ ಬೆಲೆಗೆ ಹೋಗುತ್ತವೆ. ಕೊಳ್ಳುವವರು ದ್ರವಕ್ಕೆ ಎಷ್ಟು ಕೊಡುತ್ತಿದ್ದಾರೆ, ಗಡೀಪಾರಾದವರ ಕತೆಗೆ ಎಷ್ಟು ಕೊಡುತ್ತಿದ್ದಾರೆ ಅಂತ ಬಿಲ್ಲಿನಲ್ಲಿ ಬೇರೆ ಬೇರೆ ಹಾಕಿರುವುದಿಲ್ಲವಲ್ಲ.

ಕತೆ ಮಾತ್ರ ಮಾರಿದರೆ ಏನಾಗುತ್ತೆ ಅನ್ನುವುದಕ್ಕೆ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ: ಬೆನೆಡಿಕ್ಟೀನ್. 1863ರಲ್ಲಿ ಫೆಕಾಂ ಎಂಬ ಬಂದರೂರಿನ ಅಲೆಕ್ಸಾಂಡ್ರ್ ಲ ಗ್ರಾಂ ಎಂಬ ಮದ್ಯದ ವ್ಯಾಪಾರಿ ಅದನ್ನು ಶುರುಮಾಡಿದ. 1510ರಲ್ಲಿ ಒಬ್ಬ ಬೆನೆಡಿಕ್ಟೀನ್ ಸನ್ಯಾಸಿ ಬರೆದ ವಿಧಾನ ತನಗೆ ಹಳೆಯ ಪುಸ್ತಕದಲ್ಲಿ ಸಿಕ್ಕಿತು ಅಂದ. ಬಾಟಲಿ ಮೇಲೆ ಪಂಥದ ಲ್ಯಾಟಿನ್ ಘೋಷಣೆಯ ಮೂರಕ್ಷರ ಹಾಕಿದ, ಅರಮನೆ ಥರದ ಕಾರ್ಖಾನೆ ಕಟ್ಟಿಸಿದ. ಆ ಲಿಕ್ಯೂರನ್ನು ಮಾಡುತ್ತಾ ಬಂದಿರುವುದು ಕಂಪನಿ, ಮಠ ಅಲ್ಲ. ಶಾರ್ತ್ರೂಜ್ ಪ್ರೇಮಿಗಳು ಬೆನೆಡಿಕ್ಟೀನ್ ಹೆಸರು ಎತ್ತಿದರೆ ಮೂಗು ಮುರಿಯುತ್ತಾರೆ. ನಾನು ಮುರಿಯಲ್ಲ. ಸನ್ಯಾಸಿ ಕತೆ ಏನೇ ಇರಲಿ, ಒಳಗಿರುವುದು ಚೆನ್ನಾಗಿದೆ. ಜೇನು, ಕಿತ್ತಳೆ ಸಿಪ್ಪೆ, ಮಸಾಲೆ ಎಲ್ಲ ಹದವಾಗಿ ಕೂತಿರುವ ಪಾನೀಯ. ಇಷ್ಟು ಒಳ್ಳೆಯ ಮಾಲಿಗೆ ಅಷ್ಟು ಕತೆ ಯಾಕೆ ಬೇಕಿತ್ತಪ್ಪ ಅನ್ನಿಸುತ್ತೆ.

ಹಾಗಾದರೆ ಕತೆ ತೆಗೆದಿಟ್ಟು ಕುಡಿದು ನೋಡೋಣ ಅಂತ ಒಂದು ಭಾನುವಾರ ನಮ್ಮ ಫ್ಲ್ಯಾಟಿನಲ್ಲಿ ಐದು ಜನ ಕೂತೆವು. ಹಸಿರು ಶಾರ್ತ್ರೂಜ್, ಬೆನೆಡಿಕ್ಟೀನ್, ಜೊತೆಗೆ ನಾನು ಗ್ರೆನೋಬಲ್‌ನಿಂದ ತಂದಿದ್ದ ಜೆನೆಪಿ. ಜೆನೆಪಿ ಅಂದರೆ ಆಲ್ಪ್ಸ್‌ನ ಎತ್ತರದಲ್ಲಿ ಬೆಳೆಯುವ ಒಂದು ಸಣ್ಣ ಗಿಡ, ನಮ್ಮ ದವನದ ಜಾತಿಗೇ ಸೇರಿದ್ದು. ಅದನ್ನು ನೆನೆಹಾಕಿ ಅಲ್ಲಿಯ ಮನೆಮನೆಯಲ್ಲೂ ಲಿಕ್ಯೂರ್ ಮಾಡಿಕೊಳ್ಳುತ್ತಾರೆ. ಗಾಜಿನ ಲೋಟದಲ್ಲಿ ಕೊಟ್ಟರೆ ಬಣ್ಣ ಗುಟ್ಟು ಬಿಟ್ಟುಕೊಡುತ್ತೆ, ಅದಕ್ಕೆ ಕಾಫಿ ಕುಡಿಯುವ ಸ್ಟೀಲ್ ಲೋಟದಲ್ಲೇ ಕೊಟ್ಟೆ, ತಳದಲ್ಲಿ ನಂಬರಿನ ಚೀಟಿ ಅಂಟಿಸಿ, ಲೈಟು ಕಡಿಮೆ ಮಾಡಿ. ಐದರಲ್ಲಿ ಮೂರು ಜನಕ್ಕೆ ಬೆನೆಡಿಕ್ಟೀನ್ ಹೆಚ್ಚು ಇಷ್ಟವಾಯಿತು. ಶಾರ್ತ್ರೂಜಿಗೆ ಒಬ್ಬಳು "ಕೆಮ್ಮಿನ ಸಿರಪ್ಪು ಕಣೋ" ಅಂದಳು. ನಾನೂ ಅದನ್ನು ಮೊದಲನೇ ಸ್ಥಾನದಲ್ಲಿ ಇಟ್ಟಿರಲಿಲ್ಲ ಅಂತ ಒಪ್ಪಿಕೊಳ್ಳಬೇಕು. ಚೀಟಿ ಬಿಚ್ಚಿದ ಮೇಲೆ ಇಬ್ಬರು "ನಂಗೂ ಅದೇ ಅನ್ಸಿತ್ತು" ಅಂತ ತಮ್ಮ ಓಟು ಬದಲಿಸಿದರು. ಕತೆ ಅಷ್ಟು ಬಲವಾದದ್ದು.

ಆದರೆ ಚೀಟಿ ಬಿಚ್ಚುವ ಮೊದಲೇ ಇನ್ನೊಂದು ಪ್ರಶ್ನೆ ಕೇಳಿದ್ದೆ. ನಡುವೆ ನೀರು ಕುಡಿದು, ಅರ್ಧ ಗಂಟೆ ಕ್ರಿಕೆಟ್ ಹರಟೆ ಹೊಡೆದ ಮೇಲೆ, "ಈಗ ಬಾಯಲ್ಲಿ ಯಾವುದು ಉಳಿದಿದೆ?" ಐದಕ್ಕೆ ಐದೂ ಜನ ತೋರಿಸಿದ್ದು ಶಾರ್ತ್ರೂಜ್ ಲೋಟವನ್ನ.

ನನ್ನ ಪ್ರಕಾರ ಅದರ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ. ಇದನ್ನು ಹೇಳಲು ಇಂಗ್ಲಿಷಿನ ಟೇಸ್ಟಿಂಗ್ ಭಾಷೆ ನನಗೆ ಉಪಯೋಗಕ್ಕೆ ಬರಲಿಲ್ಲ. ಆಲ್ಪೈನ್ ಹೂಗಳು, ಪೈನ್ ಕಾಡು ಅಂತೆಲ್ಲ ಬರೆಯುತ್ತಾರೆ. ನಾನು ಪೈನ್ ಕಾಡು ನೋಡಿದ್ದೇ ಮೂವತ್ತು ದಾಟಿದ ಮೇಲೆ. ನನ್ನ ಮೂಗಿನ ಲೈಬ್ರರಿಯಲ್ಲಿ ಇರುವುದು ಸಕಲೇಶಪುರದ ಕಡೆಯ ಹಿತ್ತಿಲು. ಅಲ್ಲಿಂದ ನೋಡಿದರೆ, ಗ್ಲಾಸು ಮೂಗಿಗೆ ತಂದ ತಕ್ಷಣ ದೊಡ್ಡಪತ್ರೆ ಎಲೆ ಹಿಸುಕಿದ ಘಾಟು, ಆಮೇಲೆ ಪುದೀನ, ಸೋಂಪು, ಹಸಿ ಏಲಕ್ಕಿ ಸಿಪ್ಪೆ. ಇವೆಲ್ಲ ಅದರಲ್ಲಿ ಇವೆ ಅಂತ ಹೇಳುತ್ತಿಲ್ಲ, ನನ್ನ ಮೂಗು ಹೋಗಿ ತಟ್ಟಿದ ಬಾಗಿಲುಗಳು ಇವು ಅಷ್ಟೇ.

ನಾಲಿಗೆ ಮೇಲೆ ನಮ್ಮ ಆರು ರುಚಿಗಳ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಮೊದಲು ಸಿಹಿ, ಜೋರಾಗಿಯೇ. ಎರಡೇ ಕ್ಷಣದಲ್ಲಿ ಖಾರ, ಸ್ವಲ್ಪ ಕಾಳುಮೆಣಸಿನದು, ಸ್ವಲ್ಪ 55 ಪರ್ಸೆಂಟ್ ಆಲ್ಕೋಹಾಲಿನದು. ಅದು ಇಳಿಯುವಾಗ ಕಹಿ. ಎಲ್ಲ ಹೋಯಿತು ಅಂದುಕೊಂಡ ಮೇಲೆ ಕೆನ್ನೆಯ ಒಳಭಾಗ ಹಿಡಿದುಕೊಳ್ಳುವ ಒಗರು. ಎಳೆ ಅಡಿಕೆ ಜಗಿದಾಗ ಬರುತ್ತಲ್ಲ, ಅದರ ತಮ್ಮ. ಬೆನೆಡಿಕ್ಟೀನ್‌ನಲ್ಲಿ ಎಲ್ಲ ರುಚಿಗಳೂ ಒಟ್ಟಿಗೆ ಬಂದು ಒಟ್ಟಿಗೆ ಎದ್ದು ಹೋಗುತ್ತವೆ, ಒಳ್ಳೆಯ ನೆಂಟರ ಹಾಗೆ. ಶಾರ್ತ್ರೂಜ್‌ನಲ್ಲಿ ಒಂದಾದ ಮೇಲೊಂದು ಬರುತ್ತವೆ, ಕೊನೆಯದು ಹೋಗುವುದೇ ಇಲ್ಲ. ಗಂಧದ ಎಣ್ಣೆಗಳು ಕರಗಿ ನಿಲ್ಲಲು ಹೆಚ್ಚು ಆಲ್ಕೋಹಾಲ್ ಬೇಕು. ಹಸಿರಿನ 55 ಪರ್ಸೆಂಟ್ ಮಾಡುತ್ತಿರುವ ಕೆಲಸ ಅದೇ. ಹಳದಿ 43 ಪರ್ಸೆಂಟ್, ಜೇನಿನ ಕಡೆಗೆ, ಕೇಸರಿಯ ಕಡೆಗೆ ವಾಲುತ್ತದೆ. ಮೊದಲ ಸಲಕ್ಕೆ ಅದೇ ಹಿತ, ಆದರೆ ಬೇಗ ಮರೆತುಹೋಗುತ್ತೆ.

ದೋಷ ಇಲ್ಲವೇ? ಇದೆ. ಸಿಹಿ ಜಾಸ್ತಿ. ಯುರೋಪಿನ ನಿಯಮದಂತೆ ಲಿಕ್ಯೂರ್ ಅನ್ನಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆ ಇರಬೇಕು, ಇದು ಆ ಗೆರೆಯ ಹತ್ತಿರ ನಿಲ್ಲುವ ಪೈಕಿ ಅಲ್ಲ. ಎರಡನೇ ಸಣ್ಣ ಗ್ಲಾಸಿನ ಹೊತ್ತಿಗೆ ಬಾಯಿ ಅಂಟುತ್ತೆ. ತಣ್ಣಗೆ ಮಾಡಿದರೆ ಸಿಹಿ ತಗ್ಗುತ್ತೆ, ಜೊತೆಗೆ ಘಮವೂ ತಗ್ಗುತ್ತೆ. ಒಂದೇ ಒಂದು ಐಸ್ ತುಂಡು ಹಾಕಿ ಅದು ಕರಗುತ್ತಾ ಹೋದ ಹಾಗೆ ಕುಡಿಯುವುದು ನನಗೆ ಕಂಡ ದಾರಿ. ಶುರುವಿನಲ್ಲಿ ತಣ್ಣನೆಯ ಔಷಧಿ, ಕೊನೆಯಲ್ಲಿ ತೋಟ.

ಅದರ ಕೊರತೆ ಏನು ಅಂತ ಬೇರೆ ಯಾರೋ ನೂರು ವರ್ಷದ ಹಿಂದೆಯೇ ಕಂಡುಹಿಡಿದಿದ್ದರು. ಆರು ರುಚಿಯಲ್ಲಿ ಅದಕ್ಕೆ ಇಲ್ಲದ್ದು ಹುಳಿ. ಅಮೆರಿಕದ ಡೆಟ್ರಾಯಿಟ್ ಅಥ್ಲೆಟಿಕ್ ಕ್ಲಬ್ಬಿನ 1916ರ ಮೆನುವಿನಲ್ಲಿ 35 ಸೆಂಟಿಗೆ "ಲಾಸ್ಟ್ ವರ್ಡ್" ಎಂಬ ಕಾಕ್‌ಟೇಲ್ ಇತ್ತು. ಜಿನ್, ಹಸಿರು ಶಾರ್ತ್ರೂಜ್, ಮರಸ್ಕೀನೋ ಎಂಬ ಚೆರ್ರಿ ಲಿಕ್ಯೂರ್, ನಿಂಬೆರಸ, ನಾಲ್ಕೂ ಸಮಸಮ, ಐಸಿನಲ್ಲಿ ಕುಲುಕಿ ಸೋಸುವುದು. ಕಾಗದದ ಮೇಲೆ ನೋಡಿದರೆ ಹುಚ್ಚಾಟ. ಬಾಯಲ್ಲಿ, ನಿಂಬೆಯ ಹುಳಿ ಸಿಹಿಯ ಬೆನ್ನು ಮುರಿದು ಸೊಪ್ಪಿನ ರುಚಿಯನ್ನು ಮುಂದೆ ತಂದು ನಿಲ್ಲಿಸುತ್ತದೆ. ಕ್ಲಾಸಿಕ್ ಅನ್ನುವ ಪದವನ್ನು ನಾನು ಹಂಚುವುದು ಕಡಿಮೆ, ಇದಕ್ಕೆ ಕೊಡುತ್ತೇನೆ. 1951ರಲ್ಲಿ ಟೆಡ್ ಸೌಸಿಯೇ ಎಂಬಾತನ ಪುಸ್ತಕದಲ್ಲಿ ಅಚ್ಚಾಯಿತು, ಆಮೇಲೆ ಜನ ಮರೆತೇಬಿಟ್ಟರು. 2000ದ ದಶಕದಲ್ಲಿ ಸಿಯಾಟಲ್‌ನ ಜಿಗ್ ಜ್ಯಾಗ್ ಕೆಫೆಯಲ್ಲಿ ಮರ್ರಿ ಸ್ಟೆನ್ಸನ್ ಎಂಬ ಬಾರ್‌ಟೆಂಡರ್ ಅದನ್ನು ಹುಡುಕಿ ಮತ್ತೆ ಮೆನುವಿಗೆ ಹಾಕಿದ. ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಇಂದಿರಾನಗರಕ್ಕೆ ಬಂದದ್ದೂ ಹಾಗೆಯೇ.

ಬೇಡಿಕೆ ಏರಿತು. ಕೊರೋನಾ ಕಾಲದಲ್ಲಿ ಮನೆಯಲ್ಲೇ ಕಾಕ್‌ಟೇಲ್ ಮಾಡುವ ಹವ್ಯಾಸ ಬಂದು ಇನ್ನೂ ಏರಿತು. ಯಾವ ಕಂಪನಿಯಾದರೂ ಇಂಥ ಗ್ರಾಫು ನೋಡಿದರೆ ಎರಡನೇ ಕಾರ್ಖಾನೆ ಹಾಕುತ್ತಿತ್ತು. ಸನ್ಯಾಸಿಗಳು ಮಾಡಿದ್ದು ಬೇರೆ. ಉತ್ಪಾದನೆಗೆ ಒಂದು ಮಿತಿ ಹಾಕಿಕೊಂಡಿದ್ದೇವೆ, ಅದರ ಮೇಲೆ ಹೆಚ್ಚಿಸುವುದಿಲ್ಲ ಅಂದರು. 2023ರ ಹೊತ್ತಿಗೆ ವಿಷಯ ಎಲ್ಲರಿಗೂ ತಿಳಿದು ಅಂಗಡಿಗಳಲ್ಲಿ ಗಲಾಟೆ. ಅವರು ಕೊಟ್ಟ ಕಾರಣ: ನಮ್ಮ ಮುಖ್ಯ ಕೆಲಸ ಪ್ರಾರ್ಥನೆ ಮತ್ತು ಏಕಾಂತ, ಲಿಕ್ಯೂರ್ ಇರುವುದು ಅದನ್ನು ನಡೆಸಿಕೊಂಡು ಹೋಗಲಿಕ್ಕೆ, ಬೆಟ್ಟಕ್ಕೂ ಗಿಡಕ್ಕೂ ಒಂದು ಮಿತಿ ಇದೆ. ಸ್ಕೇಲ್ ಆಗದಿದ್ದರೆ ಸತ್ತೆ ಅನ್ನುವ ಪಾಠವನ್ನೇ ಹದಿನೈದು ವರ್ಷದಿಂದ ಕೇಳುತ್ತಾ ಬಂದಿರುವ ನನಗೆ ಇದು 130 ಗಿಡಮೂಲಿಕೆಗಿಂತ ದೊಡ್ಡ ಸುದ್ದಿ. ಬಾರಿನ ಹುಡುಗ ಇದನ್ನು ಹೇಳಲಿಲ್ಲ. ಬಹುಶಃ ಹೇಳಿದರೆ, "ಹಾಗಾದರೆ ಇದನ್ನು ನಿಂಬೆರಸದಲ್ಲಿ ಯಾಕೆ ಕಲಸ್ತಿದೀರಿ?" ಅಂತ ಯಾರಾದರೂ ಕೇಳಿಯಾರು.

ಗುಟ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮಜ್ಜಿ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುತ್ತಿದ್ದಳು. ಸುತ್ತಲಿನ ನಾಲ್ಕು ಹಳ್ಳಿಯವರು ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಬಂದು ಜಗಲಿ ಮೇಲೆ ಕೂರುತ್ತಿದ್ದರು. ಯಾವ ಸೊಪ್ಪು ಅಂತ ಕೇಳಿದರೆ "ಹೇಳಿದ್ರೆ ಮದ್ದು ಹತ್ತಕ್ಕಿಲ್ಲ ಮಗ" ಅನ್ನುತ್ತಿದ್ದಳು. ಅವ್ವನಿಗೂ ಹೇಳಲಿಲ್ಲ. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅಜ್ಜಿ ಹೋದಳು, ಮದ್ದೂ ಹೋಯಿತು. ಅದು ನಿಜಕ್ಕೂ ಕಾಮಾಲೆ ವಾಸಿ ಮಾಡುತ್ತಿತ್ತೋ ಇಲ್ಲವೋ, ಈಗ ಪರೀಕ್ಷೆ ಮಾಡಲೂ ದಾರಿ ಇಲ್ಲ. ನಮ್ಮ ಕೆಲಸದಲ್ಲಿ ಬಸ್ ಫ್ಯಾಕ್ಟರ್ ಅಂತ ಒಂದು ಮಾತಿದೆ: ಎಷ್ಟು ಜನ ಬಸ್ಸಿನಡಿ ಸಿಕ್ಕಿದರೆ ಪ್ರಾಜೆಕ್ಟು ನಿಲ್ಲುತ್ತೆ ಅನ್ನುವ ಲೆಕ್ಕ. ಅಜ್ಜಿಯದು ಒಂದು. ಸನ್ಯಾಸಿಗಳದು ಎರಡೋ ಮೂರೋ, ಅದರ ಮೇಲೆ ಒಂದು ಹಸ್ತಪ್ರತಿ. ಮಠದ ಒಳಗೆ ಸೊಪ್ಪು, ಬೇರು, ತೊಗಟೆಗಳನ್ನು ಅಳೆದು ಬೆರೆಸಿ ಚೀಲ ಕಟ್ಟುತ್ತಾರೆ. ಚೀಲ ಬೆಟ್ಟ ಇಳಿದು ಬಟ್ಟಿ ಮನೆಗೆ ಹೋಗುತ್ತೆ. ಆ ಬಟ್ಟಿ ಮನೆ ಎಷ್ಟು ಸಲ ಜಾಗ ಬದಲಿಸಿದೆ ನೋಡಿ: ಬೆಟ್ಟದ ಫೂರ್ವಾರಿಯಲ್ಲಿದ್ದದ್ದು 1935ರಲ್ಲಿ ಗುಡ್ಡ ಕುಸಿದು ನಾಶವಾಯಿತು, ವ್ವಾರೋಂಗೆ ಬಂತು, 2018ರಿಂದ ಎಗ್ನ್ವಾರ್‌ನಲ್ಲಿದೆ. ಲೆಕ್ಕ ಹಾಕಿದರೆ ಕ್ರಾಂತಿ, ಗಡೀಪಾರು, ದಿವಾಳಿ, ಭೂಕುಸಿತ, ಎಲ್ಲ ದಾಟಿ ಬಂದಿದೆ. ಗುಟ್ಟಾಗಿ ಇಟ್ಟಿದ್ದಕ್ಕೆ ಉಳಿಯಿತು ಅಂತ ಬರೆಯುವವರು ಅದನ್ನು ಸರಿಯಾಗಿ ನೋಡಿಲ್ಲ. ಬರೆದಿಟ್ಟಿದ್ದಕ್ಕೆ, ಇನ್ನೊಬ್ಬರಿಗೆ ಕಲಿಸಿದ್ದಕ್ಕೆ ಉಳಿಯಿತು.

ಇಷ್ಟೆಲ್ಲ ಬರೆದರೂ ಒಂದು ಮುಜುಗರ ಹೋಗಿಲ್ಲ. ನಮ್ಮ ಮನೆಯಲ್ಲಿ "ಕುಡಿಯೋದು" ಅನ್ನುವ ಮಾತಿಗೆ ಇದ್ದದ್ದು ಒಂದೇ ಅರ್ಥ. ಚಿಕ್ಕಪ್ಪ ಸಾರಾಯಿ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಹರಿಯುತ್ತಿದ್ದ ಸದ್ದು ನನಗೆ ಈಗಲೂ ಗೊತ್ತು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಅವ್ವ ಮನೆದೇವರಿಗೆ ಕಾಯಿ ಒಡೆಸಿದ್ದಳು. ಅಷ್ಟರಲ್ಲಿ ಚಿಕ್ಕಪ್ಪನ ಹೊಲ ಹೋಗಿ ಆಗಿತ್ತು. ಅದೇ ಮನೆಯಿಂದ ಬಂದವನು ಸ್ಟೀಲ್ ಲೋಟಕ್ಕೆ ಚೀಟಿ ಅಂಟಿಸಿ, ಒಗರು ಎಷ್ಟು ಹೊತ್ತು ನಿಲ್ಲುತ್ತೆ ಅಂತ ಬರೆಯುತ್ತಿದ್ದೇನೆ. ಒಂದು ಬಾಟಲಿಗೆ ಚರಿತ್ರೆ ಇರುತ್ತೆ, ಇನ್ನೊಂದಕ್ಕೆ ಪೊಲೀಸು ಇರುತ್ತಾರೆ. ಎರಡರ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ರುಚಿಯದು, ಎಷ್ಟು ಪಾಲು ಸಂಬಳದ್ದು ಅಂತ ನನಗೆ ನಾನೇ ಕೇಳಿಕೊಂಡಿದ್ದೇನೆ. ನಮ್ಮ ಸಾಮಾನ್ಯ ರಮ್ಮು 42.8 ಪರ್ಸೆಂಟ್. ಹಸಿರು ಶಾರ್ತ್ರೂಜ್ ಅದಕ್ಕಿಂತ ಬಹಳ ಮೇಲೆ, ಸಕ್ಕರೆ ಇರುವುದರಿಂದ ಅದು ಗೊತ್ತೇ ಆಗುವುದಿಲ್ಲ. ಅದಕ್ಕೇ 30 ಎಂಎಲ್ ಮೇಲೆ ಹೋಗಬೇಡಿ ಅಂತ ಗೆಳೆಯರಿಗೆ ಹೇಳುತ್ತೇನೆ. ಕಳ್ಳಬೆಲೆ ಕೊಟ್ಟು ಕೊಳ್ಳಬೇಡಿ ಅಂತಲೂ ಹೇಳುತ್ತೇನೆ. ಸಿಗದಿದ್ದರೆ ಜೆನೆಪಿ ಕುಡಿಯಿರಿ, ಅದರಲ್ಲಿ ಮೆಟ್ಟಿಲುಗಳು ಕಡಿಮೆ, ಆದರೆ ಅದೇ ಬೆಟ್ಟಗಳದ್ದು.

ಕಳೆದ ದೀಪಾವಳಿಗೆ ಅವ್ವ ಬೆಂಗಳೂರಿಗೆ ಬಂದಿದ್ದಳು. ಅಡುಗೆಮನೆ ಶೆಲ್ಫಿನಲ್ಲಿ ಬಾಟಲಿ ನೋಡಿದಳು.

"ಏನ್ಲಾ ಇದು, ಹಸುರುಗೆ? ಔಷ್ಧಿನಾ?"

"ಊಂ ಅವ್ವ. ಫ್ರಾನ್ಸಲ್ಲಿ ಸನ್ಯಾಸಿಗಳು ಮಾಡ್ತಾರೆ. ನೂರಾ ಮೂವತ್ತು ಥರದ ಸೊಪ್ಪು ಹಾಕಿ."

ನೋಡಿ, ಸಿಕ್ಕಿಬಿದ್ದಾಗ ನಾನೂ ಅದೇ ಕತೆಯ ಹಿಂದೆ ಅವಿತುಕೊಂಡೆ. ಅವ್ವ ಬಿರಡೆ ತೆಗೆದು ಮೂಗಿಗೆ ಹಿಡಿದಳು. ಸ್ವಲ್ಪ ಹೊತ್ತು ಹಿಡಿದೇ ಇದ್ದಳು.

"ಸೊಪ್ಪೇನೋ ಚೆನ್ನಾಗಿರದ್ನೇ ಹಾಕವ್ರೆ," ಅಂದಳು. "ಸಾರಾಯಿ ವಾಸ್ನೆ ಮುಚ್ಚಕ್ಕೆ."

ಬಿರಡೆ ಬಿಗಿದು, ಸಿಂಕಿನ ಕೆಳಗಿನ ಕಪಾಟು ತೆಗೆದು, ಫಿನೈಲ್ ಪಕ್ಕದಲ್ಲಿ ಇಟ್ಟಳು. ಬಿಸಿಲು ಬಿದ್ದರೆ ಅದರ ಹಸಿರು ಮಾಸುತ್ತೆ, ಕತ್ತಲಲ್ಲಿ ಇಡುವುದೇ ಒಳ್ಳೆಯದು. ಈಗಲೂ ಅಲ್ಲೇ ಇದೆ, ಇನ್ನು ಎರಡು ಬೆರಳಷ್ಟು ಉಳಿದಿದೆ.